ಆ ಮಾತನ್ನು ಮೊದಲು ಎತ್ತಬೇಕಾದವರು ನಾವೇ

ನೀವು ಸ್ತ್ರೀರೋಗ ಕ್ಯಾನ್ಸರ್ ವಿಭಾಗಕ್ಕೆ ಹೊಸದಾಗಿ ಬಂದ ನರ್ಸ್. ಗರ್ಭಕಂಠ, ಗರ್ಭಕೋಶ, ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುವವರೊಂದಿಗೆ ಲೈಂಗಿಕ ಬದುಕಿನ ಬಗ್ಗೆ ಮಾತನಾಡುವುದು ನಿಮ್ಮ ಕೆಲಸವೇ, ಹೌದಾದರೆ ಮುಜುಗರವಾಗದಂತೆ ಮಾತಾಡುವುದು ಹೇಗೆ ಎಂದು ಕೇಳಿದ್ದೀರಿ. ಅನೇಕ ವರ್ಷ ಇದೇ ವಿಭಾಗದಲ್ಲಿ ದುಡಿದವಳಾಗಿ ಹೇಳುತ್ತೇನೆ: ಖಂಡಿತ ನಮ್ಮ ಕೆಲಸ. ರೋಗಿ ಕೇಳಲಿ ಎಂದು ಕಾಯುವಂಥದ್ದೂ ಅಲ್ಲ.

ಇದನ್ನು ನನಗೆ ಕಲಿಸಿದ್ದು ಗರ್ಭಕಂಠದ ಕ್ಯಾನ್ಸರ್‌ಗೆ ರೇಡಿಯೇಷನ್ ಮುಗಿಸಿ ಮನೆಗೆ ಹೊರಟಿದ್ದ ಒಬ್ಬ ಮಹಿಳೆ. ಮಾತ್ರೆ, ಊಟ, ಮುಂದಿನ ತಪಾಸಣೆಯ ದಿನ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ‘ಇನ್ನೇನಾದರೂ ಕೇಳುವುದಿದೆಯೇ’ ಎಂದೆ. ಇಲ್ಲವೆಂದು ತಲೆಯಾಡಿಸಿದರು. ನಾನು ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಸಣ್ಣ ದನಿ: ‘ಸಿಸ್ಟರ್, ನಮ್ಮ ಮನೆಯವರಿಗೆ ಇದು ಅಂಟುತ್ತದೆಯೇ?’ ಫೈಲಿನ ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದರು, ಬೆರಳ ತುದಿ ಬೆಳ್ಳಗಾಗಿತ್ತು. ಕಾಯಿಲೆ ಗೊತ್ತಾದ ದಿನದಿಂದ ಗಂಡ ಹೆಂಡತಿ ಬೇರೆ ಬೇರೆ ಮಲಗುತ್ತಿದ್ದರು. ಹೆಂಡತಿಗೆ ನೋವಾದೀತೆಂದು ಗಂಡನಿಗೆ ಭಯ, ಗಂಡನಿಗೆ ರೋಗ ಅಂಟೀತೆಂದು ಹೆಂಡತಿಗೆ ಭಯ. ಮಲಮೂತ್ರದ ಬಗ್ಗೆ ದಿನವೂ ಸಂಕೋಚವಿಲ್ಲದೆ ಕೇಳುತ್ತಿದ್ದ ನಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ.

ಹಾಗಾಗಿ ಕೇಳದಿದ್ದರೂ ಹೇಳಿಬಿಡಿ: ಮಿಲನದಿಂದ ಕ್ಯಾನ್ಸರ್ ಅಂಟುವುದಿಲ್ಲ. ಹೊರಗಿನಿಂದ ಕೊಟ್ಟ ರೇಡಿಯೇಷನ್ ಮೈಯಲ್ಲಿ ಉಳಿದು ಗಂಡನಿಗೆ ತಗಲುವುದಿಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಾಣು ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎನ್ನುವುದು ನಿಜ. ಆದರೆ ಅದು ಬಹುಪಾಲು ಜನರಿಗೆ ಬದುಕಿನಲ್ಲಿ ಯಾವಾಗಲೋ ಬಂದು ಹೋಗುವ ಸೋಂಕು, ಯಾರಿಂದ ಯಾವಾಗ ಬಂತೆಂದು ಹೇಳಲಾಗದು. ಇದನ್ನು ಬಿಡಿಸಿ ಹೇಳದಿದ್ದರೆ ಅನುಮಾನ ಹುಟ್ಟಿ ಸಂಸಾರವೇ ಒಡೆಯುತ್ತದೆ.

ಮಾತು ಶುರು ಮಾಡಲು ‘ಪ್ಲಿಸಿಟ್’ ಎಂಬ ಕ್ರಮ ನನಗೆ ಊರುಗೋಲಾಯಿತು. ಮನಶ್ಶಾಸ್ತ್ರಜ್ಞ ಜ್ಯಾಕ್ ಆ್ಯನನ್ 1976ರಲ್ಲಿ ಮುಂದಿಟ್ಟದ್ದು. ಮೊದಲು ಮಾತಾಡಲು ಅವಕಾಶ, ಆಮೇಲೆ ಬೇಕಾದಷ್ಟೇ ಮಾಹಿತಿ, ನಂತರ ಅವರವರ ತೊಂದರೆಗೆ ತಕ್ಕ ಸಲಹೆ, ಕೊನೆಗೆ ತಜ್ಞರ ಚಿಕಿತ್ಸೆ. ಕೊನೆಯ ಮೆಟ್ಟಿಲು ನಮ್ಮದಲ್ಲ, ಮೊದಲಿನದಂತೂ ಪೂರ್ತಿ ನಮ್ಮದು. ಜೊತೆಗೆ ಬಂದವರನ್ನು ಹೊರಗೆ ಕಳಿಸಿ, ಪರದೆ ಎಳೆದು, ಕುಳಿತುಕೊಂಡು ಹೇಳಿ: ‘ಈ ಚಿಕಿತ್ಸೆಯ ನಂತರ ಬಹಳ ಮಹಿಳೆಯರಿಗೆ ಕೂಡುವಾಗ ನೋವು, ಒಣಗಿದ ಹಾಗಾಗುವುದು, ಮನಸ್ಸೇ ಬಾರದಿರುವುದು ಇರುತ್ತದೆ. ನಿಮಗೆ ಹಾಗೇನಾದರೂ ಇದೆಯೇ? ಇವತ್ತು ಬೇಡವಾದರೆ ಇನ್ನೊಂದು ದಿನ ಮಾತಾಡೋಣ.’ ಒಂಟಿಯಾಗಿದ್ದಾರೆ, ವಯಸ್ಸಾಗಿದೆ, ಇವರಿಗೇಕೆ ಎಂದು ನೀವೇ ತೀರ್ಮಾನಿಸಬೇಡಿ.

ಡೈಲೇಟರ್, ಅಂದರೆ ಯೋನಿ ಕಿರಿದಾಗದಂತೆ ಸ್ವಲ್ಪ ಹೊತ್ತು ಒಳಗಿಡುವ ನಯವಾದ ಸಾಧನ, ಇದರ ವಿಷಯದಲ್ಲಿ ನಾನೇ ತಪ್ಪಿದ್ದೇನೆ. ಶ್ರೋಣಿಯ, ಅಂದರೆ ಕಿಬ್ಬೊಟ್ಟೆಯ, ಭಾಗಕ್ಕೆ ರೇಡಿಯೇಷನ್ ಕೊಟ್ಟ ಮೇಲೆ ಯೋನಿ ಬಿಗಿದುಕೊಂಡು ಕಿರಿದಾಗಬಹುದು, ಒಳಗಿನ ಗೋಡೆಗಳು ಅಂಟಿಕೊಳ್ಳಲೂಬಹುದು. ಒಬ್ಬರಿಗೆ ಡೈಲೇಟರ್ ಪೊಟ್ಟಣ, ಅದರ ಜೊತೆ ಒಂದು ಕರಪತ್ರ ಕೊಟ್ಟು ಕಳಿಸಿದ್ದೆ. ಮುಂದಿನ ತಪಾಸಣೆಗೆ ಬಂದಾಗ ಪೊಟ್ಟಣ ಒಡೆದೇ ಇರಲಿಲ್ಲ. ಅದೇನೆಂದೇ ಅವರಿಗೆ ತಿಳಿದಿರಲಿಲ್ಲ, ಕೇಳಲು ನಾಚಿಕೆ. ಈಗ ಅವರ ಎದುರಿಗೇ ಬಿಚ್ಚಿ ಕೈಗೆ ಕೊಡುತ್ತೇನೆ. ಎಲ್ಲಕ್ಕಿಂತ ಸಣ್ಣದರಿಂದ ಆರಂಭ. ಮಂಡಿ ಮಡಚಿ ಮಲಗಿ, ಜಾರುವಂತೆ ಮಾಡುವ, ನೀರು ಆಧಾರಿತ ಲೂಬ್ರಿಕೆಂಟ್ ಹಚ್ಚಿ, ಉಸಿರು ಬಿಡುತ್ತಾ ನಿಧಾನವಾಗಿ. ಸಾಮಾನ್ಯವಾಗಿ ವಾರಕ್ಕೆ 2–3 ಸಲ, ಪ್ರತಿ ಸಲ 5–10 ನಿಮಿಷ. ಯಾವಾಗ ಶುರು ಮಾಡಬೇಕೆಂದು ಡಾಕ್ಟರ್ ನೋಡಿ ಹೇಳಬೇಕು. ತುಸು ರಕ್ತದ ಕಲೆ ಕಂಡರೆ ಗಾಬರಿ ಬೇಡ, ಹೆಚ್ಚು ರಕ್ತ ಹೋದರೆ ಅಥವಾ ತೀವ್ರ ನೋವಾದರೆ ನಿಲ್ಲಿಸಿ ಕರೆ ಮಾಡಲಿ. ಇದು ಗಂಡನಿಗಾಗಿ ಮಾತ್ರವಲ್ಲ, ಮುಂದೆ ಡಾಕ್ಟರ್ ಒಳಗಿನ ತಪಾಸಣೆ ಮಾಡುವಾಗ ನೋವಾಗದಿರಲೂ ಬೇಕು ಎಂದು ಹೇಳಿದರೆ ಎಷ್ಟೋ ಜನರ ಸಂಕೋಚ ಇಳಿಯುತ್ತದೆ.

ಎರಡೂ ಅಂಡಾಶಯ ತೆಗೆದವರಿಗೆ ಮುಟ್ಟು ಹಠಾತ್ತನೆ ನಿಲ್ಲುತ್ತದೆ, ಅವಕ್ಕೆ ರೇಡಿಯೇಷನ್ ತಗುಲಿದವರಿಗೂ ನಿಲ್ಲಬಹುದು. ಬಯಕೆ ಬತ್ತುವುದು ಪ್ರೀತಿ ಕಡಿಮೆಯಾದದ್ದರಿಂದಲ್ಲ, ಹಾರ್ಮೋನ್ ಇಳಿದದ್ದರಿಂದಲೂ ಹೌದು, ದಣಿವಿನಿಂದಲೂ ಹೌದು. ಅವರು ಒಪ್ಪಿದರೆ ಇದನ್ನು ಗಂಡನಿಗೂ ಹೇಳಿ. ಯೋನಿಯ ಮಾಯಿಶ್ಚರೈಸರ್ ವಾರದಲ್ಲಿ ಕೆಲವು ಸಲ ತಪ್ಪದೆ ಹಚ್ಚುವಂಥದ್ದು, ಲೂಬ್ರಿಕೆಂಟ್ ಕೂಡುವ ಹೊತ್ತಿಗೆ ಬಳಸುವಂಥದ್ದು. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಈಸ್ಟ್ರೋಜನ್ ಮುಲಾಮನ್ನು ಮಾತ್ರ ಕ್ಯಾನ್ಸರ್ ತಜ್ಞರನ್ನು ಕೇಳದೆ ಹಚ್ಚಬಾರದು. ಗರ್ಭಕೋಶ ತೆಗೆದವರು ಒಳಗಿನ ಹೊಲಿಗೆ ಮಾಯುವ ತನಕ, ಸಾಮಾನ್ಯವಾಗಿ 6–8 ವಾರ, ಕಾಯಬೇಕು. ಅಲ್ಲಿಯವರೆಗೆ ಅಪ್ಪಿಕೊಳ್ಳುವುದಕ್ಕೆ, ಪಕ್ಕದಲ್ಲಿ ಮಲಗುವುದಕ್ಕೆ ಅಡ್ಡಿಯಿಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಿ.

ಉತ್ತರ ತಿಳಿಯದಿದ್ದರೆ ‘ಡಾಕ್ಟರನ್ನು ಕೇಳಿ ಬಂದು ಹೇಳುತ್ತೇನೆ’ ಎನ್ನಿ, ಅದೇ ದಿನ ಮರಳಿ ಹೋಗಿ. ಇನ್ನೊಂದು: ಅವರ ಒಪ್ಪಿಗೆ ಪಡೆದು ಕೇಸ್ ಶೀಟ್‌ನಲ್ಲಿ ಒಂದು ಸಾಲು ಬರೆದಿಡಿ. ಮುಂದಿನ ಪಾಳಿಯವರೆದುರು ಅವರು ಮತ್ತೆ ಮೊದಲಿನಿಂದ ಬಾಯಿಬಿಡುವ ಪಾಡು ತಪ್ಪುತ್ತದೆ.