ಕೌಂಟರ್ ಬಿಡುವ ಮುನ್ನ ಬರೆಸಿಕೊಳ್ಳಿ: ಪ್ರಯಾಣದ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ವಿಮಾನ ಪ್ರಯಾಣದ ಗೋಳೇ ಹೆಚ್ಚು. ಒಂದೇ ತೊಂದರೆಯ ಬಗ್ಗೆ ಹಲವರು ಬರೆದಿದ್ದರೆ ಆ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಗ್ಗವಾಗಿ ಸಿಕ್ಕಿತೆಂದು ಎರಡು ಬೇರೆ ಬೇರೆ ವಿಮಾನ ಸಂಸ್ಥೆಗಳ ಟಿಕೆಟ್ ಕೊಂಡಿದ್ದೆವು. ಮೊದಲ ವಿಮಾನ ತಡವಾಗಿ ಇಳಿಯುವಷ್ಟರಲ್ಲಿ ಎರಡನೆಯದು ಹೊರಟುಹೋಗಿತ್ತು. ಎರಡೂ ಸಂಸ್ಥೆಯವರು ಕೈತೊಳೆದುಕೊಂಡರು, ಹೊಸ ಟಿಕೆಟ್ ಕೊಳ್ಳಬೇಕಾಯಿತು. ಇದಕ್ಕೆ ಯಾರು ಹೊಣೆ?

ಉತ್ತರ: ನಿಮಗೆ ಅದು ಒಂದೇ ಪ್ರಯಾಣ. ವಿಮಾನ ಸಂಸ್ಥೆಗಳ ಲೆಕ್ಕದಲ್ಲಿ ಮಾತ್ರ ಅವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪ್ರಯಾಣಗಳು. ಮೊದಲ ಸಂಸ್ಥೆ ನಿಮ್ಮನ್ನು ನಡುವಿನ ಊರಿಗೆ ತಲುಪಿಸುವುದಕ್ಕಷ್ಟೇ ಒಪ್ಪಿಕೊಂಡಿತ್ತು. ಎರಡನೆಯದರ ಪಾಲಿಗೆ ನೀವು ಸಮಯಕ್ಕೆ ಬಾರದ ಪ್ರಯಾಣಿಕರು. ಎಲ್ಲ ಹಾರಾಟಗಳೂ ಒಂದೇ ಟಿಕೆಟ್‌ನಲ್ಲಿದ್ದು, ಮೊದಲ ವಿಮಾನದ ವಿಳಂಬದಿಂದ ಮುಂದಿನದು ತಪ್ಪಿದ್ದರೆ, ಬೇರೆ ವಿಮಾನದಲ್ಲಿ ಸೀಟು ಕೊಟ್ಟು ಕೊನೆಯ ಊರಿಗೆ ಮುಟ್ಟಿಸುವ ಹೊಣೆ ವಿಮಾನ ಸಂಸ್ಥೆಯದಾಗುತ್ತಿತ್ತು. ಹಾರಿಸುವ ಸಂಸ್ಥೆಗಳು ಎರಡಿದ್ದರೂ ಟಿಕೆಟ್ ಒಂದೇ ಆಗಿರಬಹುದು. ನೋಡಬೇಕಾದದ್ದು ಟಿಕೆಟ್ಟನ್ನು, ವಿಮಾನದ ಮೇಲಿನ ಹೆಸರನ್ನಲ್ಲ.

ಗುರುತಿಸುವುದು ಹೀಗೆ. ಹಣ ಕಟ್ಟಿದ ಮೇಲೆ ಬರುವ ಇ-ಟಿಕೆಟ್‌ನಲ್ಲಿ 13 ಅಂಕಿಗಳ ಟಿಕೆಟ್ ಸಂಖ್ಯೆ ಇರುತ್ತದೆ. ಮೊದಲ ಮೂರು ಅಂಕಿಗಳು ಟಿಕೆಟ್ ಕೊಟ್ಟ ಸಂಸ್ಥೆಯ ಗುರುತು. ಎರಡೂ ಹಾರಾಟಗಳ ಮುಂದೆ ಅದೇ ಸಂಖ್ಯೆ ಇದ್ದರೆ ಟಿಕೆಟ್ ಒಂದೇ. ಬುಕಿಂಗ್ ಜಾಲತಾಣದ ಸ್ವಂತ ಆರ್ಡರ್ ನಂಬರ್ ನೋಡಿ ಸಮಾಧಾನಪಡಬೇಡಿ. ಅದು ಒಂದೇ ಇದ್ದು ಒಳಗೆ ಎರಡು ಪಿಎನ್‌ಆರ್ ಮತ್ತು ಎರಡು ಟಿಕೆಟ್‌ಗಳು ಇರುವುದುಂಟು. ಪುಟದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ 'ಸೆಲ್ಫ್ ಟ್ರಾನ್ಸ್‌ಫರ್' ಎಂದು ಬರೆದಿರುತ್ತಾರೆ. ವಿಮಾನ ತಪ್ಪಿದರೆ ನಷ್ಟ ನಿಮ್ಮದೇ ಎಂಬುದು ಅದರ ಅರ್ಥ.

ಬೇರೆ ಟಿಕೆಟ್‌ಗಳನ್ನೇ ಕೊಳ್ಳಬೇಕಾಗಿ ಬಂದರೆ ನಡುವೆ ಕನಿಷ್ಠ ನಾಲ್ಕೈದು ಗಂಟೆ ಬಿಡಿ. ಎರಡನೆಯದು ದಿನಕ್ಕೊಂದೇ ಹೊರಡುವ ವಿಮಾನವಾಗಿದ್ದರೆ ಒಂದು ರಾತ್ರಿ ತಂಗುವುದೇ ಮೇಲು. ಆಗುವುದಾದರೆ ಕೈಚೀಲದಲ್ಲಿ ಹಿಡಿಸುವಷ್ಟೇ ಸಾಮಾನು ಒಯ್ಯಿರಿ. ಚೆಕ್-ಇನ್ ಮಾಡಿದ ಲಗೇಜು ಇದ್ದರೆ ನಡುವಿನ ಊರಿನಲ್ಲಿ ಇಮಿಗ್ರೇಷನ್ ದಾಟಿ ಅದನ್ನು ಬಿಡಿಸಿಕೊಂಡು, ಇನ್ನೊಂದು ಸಂಸ್ಥೆಯ ಕೌಂಟರಿನಲ್ಲಿ ಮತ್ತೆ ಕೊಡಬೇಕಾಗುತ್ತದೆ. ಹಾಗೆ ಹೊರಬರಲು ಆ ದೇಶದ ವೀಸಾ ಬೇಕೇ ಎಂಬುದನ್ನು ಟಿಕೆಟ್ ಕೊಳ್ಳುವ ಮುನ್ನವೇ ನೋಡಿ. ಇದೊಂದನ್ನು ಮರೆತವರು ಹೊರಡುವ ಊರಿನ ಕೌಂಟರಿನಲ್ಲೇ ಸಿಕ್ಕಿಬೀಳುತ್ತಾರೆ.

ಒಂದೇ ಟಿಕೆಟ್ ಇದ್ದರೂ ಐವತ್ತು ನಿಮಿಷದ ಅಂತರವನ್ನು ಆರಿಸಬೇಡಿ. ಪ್ರತಿ ವಿಮಾನ ನಿಲ್ದಾಣಕ್ಕೂ 'ವಿಮಾನ ಬದಲಾಯಿಸಲು ಕನಿಷ್ಠ ಸಮಯ' ಎಂದು ನಿಗದಿಯಾಗಿದ್ದು, ಅದಕ್ಕಿಂತ ಒಂದು ನಿಮಿಷ ಹೆಚ್ಚಿದ್ದರೂ ಟಿಕೆಟ್ ಮಾರುತ್ತಾರೆ. ಎಲ್ಲವೂ ಸರಿಯಾಗಿ ನಡೆದ ದಿನಕ್ಕೆ ಹಾಕಿದ ಲೆಕ್ಕ ಅದು. ಬಾಗಿಲು ಮುಚ್ಚುವುದು ಹೊರಡುವ ಸಮಯಕ್ಕಲ್ಲ, ಅದಕ್ಕೆ ಕನಿಷ್ಠ ಹತ್ತು-ಹದಿನೈದು ನಿಮಿಷ ಮೊದಲೇ ಎಂಬುದೂ ನೆನಪಿರಲಿ.

ಪ್ರಶ್ನೆ: ಹೋಗುವಾಗ ಮೊದಲ ಹಂತ ರೈಲಿನಲ್ಲಿ ಹೋಗಿ ನಡುವಿನ ಊರಿನಿಂದ ವಿಮಾನ ಹತ್ತಬೇಕೆಂದಿದ್ದೇನೆ. ಟಿಕೆಟ್‌ನ ಮೊದಲ ಭಾಗ ಬಳಸದಿದ್ದರೆ ಏನಾಗುತ್ತದೆ?

ಉತ್ತರ: ಬಹುಪಾಲು ಸಂಸ್ಥೆಗಳಲ್ಲಿ ಮುಂದಿನ ಎಲ್ಲ ಹಾರಾಟಗಳೂ ರದ್ದಾಗುತ್ತವೆ, ವಾಪಸು ಬರುವುದೂ ಸೇರಿ. ಮೊದಲೇ ಫೋನ್ ಮಾಡಿ ಟಿಕೆಟ್ ಬದಲಾಯಿಸಿಕೊಂಡು, ಹೊಸ ಇ-ಟಿಕೆಟ್ ಕೈಸೇರಿದ ಮೇಲಷ್ಟೇ ರೈಲು ಹತ್ತಿ.

ಪ್ರಶ್ನೆ: ಬೆಲ್ಟ್ ನಿಂತುಹೋಯಿತು, ನನ್ನ ಸೂಟ್‌ಕೇಸ್ ಬರಲಿಲ್ಲ. ಸಿಬ್ಬಂದಿಯೊಬ್ಬರು "ಮನೆಗೆ ಹೋಗಿ ಫೋನ್ ಮಾಡಿ" ಎಂದರು. ಈಗ ದಾಖಲೆ ಎಲ್ಲಿ ಎಂದು ಕೇಳುತ್ತಿದ್ದಾರೆ. ಏನು ಮಾಡಬೇಕಿತ್ತು? ಮುಂದೇನು?

ಉತ್ತರ: ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ. ಲಗೇಜು ಬರದಿದ್ದರೂ, ಒಡೆದು ಬಂದರೂ ಆ ಹಾಲ್‌ನಿಂದ ಹೊರಗೆ ಹೋಗಬೇಡಿ. ಮೊದಲು ದೊಡ್ಡ ಸಾಮಾನುಗಳು ಬರುವ ಬೇರೆ ಬೆಲ್ಟ್ ನೋಡಿ. ಉದ್ದ ಪಟ್ಟಿ ನೇತಾಡುವ ಬ್ಯಾಗ್‌ಗಳನ್ನು ಅಲ್ಲಿಗೆ ಹಾಕುವುದುಂಟು. ಅಲ್ಲೂ ಇಲ್ಲದಿದ್ದರೆ ನೇರವಾಗಿ ಲಗೇಜು ವಿಚಾರಣೆಯ ಕೌಂಟರಿಗೆ ಹೋಗಿ. ಹಲವು ಹಾರಾಟಗಳಿದ್ದರೆ ದೂರು ಕೊಡಬೇಕಾದದ್ದು ಕೊನೆಯದಾಗಿ ನಿಮ್ಮನ್ನು ಇಳಿಸಿದ ಸಂಸ್ಥೆಗೆ, ತಪ್ಪು ಯಾರದೇ ಆಗಿರಲಿ.

ಅಲ್ಲಿ ಬರೆಸಿಕೊಳ್ಳಬೇಕಾದ ಕಾಗದಕ್ಕೆ ಪಿಐಆರ್ ಎನ್ನುತ್ತಾರೆ. ಅದರ ಮೇಲೆ ಹತ್ತು ಅಕ್ಷರ-ಅಂಕಿಗಳ ಒಂದು ಸಂಖ್ಯೆ ಇರುತ್ತದೆ: ಮೊದಲ ಮೂರು ಅಕ್ಷರ ವಿಮಾನ ನಿಲ್ದಾಣದ್ದು, ಮುಂದಿನ ಎರಡು ಸಂಸ್ಥೆಯದು, ಉಳಿದ ಐದು ಅಂಕಿಗಳು ನಿಮ್ಮ ದೂರಿನವು. ವರ್ಲ್ಡ್‌ಟ್ರೇಸರ್ ಎಂಬ ವ್ಯವಸ್ಥೆಯಲ್ಲಿ ಲೋಕದ ನಾನಾ ನಿಲ್ದಾಣಗಳವರು ಆ ಸಂಖ್ಯೆ ಹಿಡಿದು ಹುಡುಕುತ್ತಾರೆ. ಚೆಕ್-ಇನ್ ಮಾಡುವಾಗ ಕೊಟ್ಟ ಟ್ಯಾಗಿನ ಚೀಟಿಯನ್ನು ತೋರಿಸಿ, ಮೂಲ ಕೇಳಿದರೆ ಫೋಟೋ ತೆಗೆದುಕೊಂಡು ಕೊಡಿ. ಕಪ್ಪು ಸೂಟ್‌ಕೇಸ್ ಎಂದರೆ ಸಾಲದು: ಗಟ್ಟಿ ಹೊದಿಕೆಯೋ ಬಟ್ಟೆಯದೋ, ಗಾಲಿ ಎರಡೋ ನಾಲ್ಕೋ, ಹಿಡಿಯ ಮೇಲೆ ಯಾವ ಬಣ್ಣದ ದಾರ ಎಂದು ಬರೆಸಿ. ಮರುದಿನವೇ ಬೇರೆ ಊರಿಗೆ ಹೋಗುವವರಿದ್ದರೆ ಯಾವ ದಿನ ಎಲ್ಲಿರುತ್ತೀರಿ ಎಂದೂ ಬರೆಸಿ. ಇಲ್ಲವಾದರೆ ಬ್ಯಾಗ್ ನಿಮ್ಮ ಹಿಂದೆಯೇ ಊರೂರು ಅಲೆಯುತ್ತದೆ. ಬಟ್ಟೆ, ಸೋಪಿನಂಥ ತುರ್ತು ಖರೀದಿಗೆ ಎಷ್ಟರವರೆಗೆ ಹಣ ಕೊಡುತ್ತಾರೆ ಎಂದು ಅಲ್ಲೇ ಕೇಳಿ, ಕೊಂಡದ್ದಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ.

ಇಷ್ಟಾದರೆ ಕೆಲಸ ಮುಗಿಯಲಿಲ್ಲ. ಇಲ್ಲಿಯೇ ಬಹಳ ಜನ ಎಡವುವುದು. ಪಿಐಆರ್ ಎಂದರೆ ತೊಂದರೆ ಆಗಿದೆ ಎಂಬುದರ ದಾಖಲೆಯಷ್ಟೇ, ಪರಿಹಾರಕ್ಕೆ ಬೇರೆಯಾಗಿ ಲಿಖಿತ ದೂರು ಕೊಡಬೇಕು. ಅಂತರರಾಷ್ಟ್ರೀಯ ಹಾರಾಟಗಳಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಲಗೇಜು ಹಾಳಾಗಿದ್ದರೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನಗಳೊಳಗೆ ದೂರು ಬರೆದು ಕಳಿಸಿರಬೇಕು. ಬರಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದು ಭಾವಿಸಿ ಪೂರ್ತಿ ಪರಿಹಾರ ಕೇಳಬಹುದು. ನ್ಯಾಯಾಲಯಕ್ಕೆ ಹೋಗಲು 2 ವರ್ಷದ ಗಡುವಿದೆ. ನಿಮ್ಮ ಬಳಿ ಪಿಐಆರ್ ಇಲ್ಲದಿದ್ದರೂ ಬೋರ್ಡಿಂಗ್ ಪಾಸ್ ಮತ್ತು ಟ್ಯಾಗ್ ಚೀಟಿಯ ಪ್ರತಿಗಳೊಂದಿಗೆ ಇಂದೇ ಇಮೇಲ್ ಕಳಿಸಿ. ಒಪ್ಪಂದ ಕೇಳುವುದು ಲಿಖಿತ ದೂರನ್ನು. ಪಿಐಆರ್ ಇದ್ದಿದ್ದರೆ ದಾರಿ ಸಲೀಸಾಗುತ್ತಿತ್ತು, ಅಷ್ಟೆ.

ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ, ಅದರ ದರ ದಿನವೂ ಬದಲಾಗುತ್ತದೆ. ಇದು ಒಂದು ಬ್ಯಾಗಿಗಲ್ಲ, ಒಬ್ಬರಿಗೆ. ತಾನಾಗಿ ಸಿಗುವ ಮೊತ್ತವೂ ಅಲ್ಲ, ಗರಿಷ್ಠ ಮಿತಿ. ಒಳಗೇನಿತ್ತು, ಅದರ ಬೆಲೆಯೇನು ಎಂದು ನೀವೇ ತೋರಿಸಬೇಕು. ಆದ್ದರಿಂದ ಸೂಟ್‌ಕೇಸ್ ಮುಚ್ಚುವ ಮೊದಲೊಂದು, ಮುಚ್ಚಿದ ಮೇಲೊಂದು ಫೋಟೋ ತೆಗೆದಿಡಿ. ಒಡವೆ, ಔಷಧಿ, ಮೂಲ ದಾಖಲೆ, ಲ್ಯಾಪ್‌ಟಾಪ್ ಯಾವುದನ್ನೂ ಚೆಕ್-ಇನ್ ಲಗೇಜಿಗೆ ಹಾಕಲೇಬೇಡಿ. ದೇಶದೊಳಗಿನ ಹಾರಾಟಗಳಿಗೆ ಆಯಾ ದೇಶದ ನಿಯಮ. ಗಡುವು ಇನ್ನೂ ಕಡಿಮೆ ಇರಬಹುದು.

ಬ್ಯಾಗ್ ತಪ್ಪಿಹೋಗುವುದು ಹೆಚ್ಚಾಗಿ ವಿಮಾನ ಬದಲಾಯಿಸುವಾಗ. ನೀವು ಓಡಿ ಹತ್ತಿರುತ್ತೀರಿ, ಬ್ಯಾಗಿಗೆ ಓಡಲಾಗುವುದಿಲ್ಲ. ಇನ್ನೊಂದು ಕಾರಣ ಹಳೆಯ ಟ್ಯಾಗ್. ಹಿಡಿಗೆ ಸುತ್ತಿದ ಉದ್ದ ಪಟ್ಟಿಯನ್ನು ಕಿತ್ತರೂ, ಅದರ ತುದಿಯಿಂದ ಬಿಡಿಸಿ ಬ್ಯಾಗಿನ ಬದಿಗೆ ಅಂಟಿಸಿದ ಬೆರಳಗಲದ ಬಾರ್‌ಕೋಡ್ ಚೀಟಿ ಉಳಿದುಬಿಡುತ್ತದೆ. ಮುಂದಿನ ಪ್ರಯಾಣದಲ್ಲಿ ಯಂತ್ರ ಅದನ್ನೇ ಓದಿದರೆ ಬ್ಯಾಗ್ ಪಕ್ಕಕ್ಕೆ ಸರಿಯುತ್ತದೆ. ಉಗುರಿನಿಂದ ಕೆರೆದಾದರೂ ತೆಗೆಯಿರಿ. ಹೊರಗಿನ ಟ್ಯಾಗ್ ಹರಿದುಹೋದರೆ ಉಪಯೋಗಕ್ಕೆ ಬರುವಂತೆ ಹೆಸರು, ಫೋನ್ ನಂಬರ್ ಬರೆದ ಕಾಗದವನ್ನು ಬಟ್ಟೆಗಳ ಮೇಲೇ ಇಡಿ. ಕೌಂಟರಿನಲ್ಲಿ ಹೊಸ ಟ್ಯಾಗ್ ಹಾಕಿದ ಕೂಡಲೇ ಅದರ ಮೇಲಿನ ಮೂರಕ್ಷರದ ಸಂಕೇತ ನಿಮ್ಮ ಕೊನೆಯ ಊರಿನದೇ ಎಂದು ಓದಿಕೊಳ್ಳಿ. ಅಮೆರಿಕದಂಥ ಕಡೆ, ಒಂದೇ ಟಿಕೆಟ್ ಇದ್ದರೂ, ದೇಶದೊಳಗೆ ಮೊದಲು ಇಳಿಯುವ ನಿಲ್ದಾಣದಲ್ಲಿ ಸಾಮಾನ್ಯವಾಗಿ ಬ್ಯಾಗ್ ಬಿಡಿಸಿಕೊಂಡು ಮತ್ತೆ ಕೊಡಬೇಕು.

ಪ್ರಶ್ನೆ: ಪಾಸ್‌ಪೋರ್ಟ್ ಅವಧಿ ಇನ್ನೂ ನಾಲ್ಕು ತಿಂಗಳಿತ್ತು, ವೀಸಾ ಇತ್ತು. ಆದರೂ ಚೆಕ್-ಇನ್‌ನಲ್ಲೇ ತಡೆದರು. ವಿಮಾನ ಸಂಸ್ಥೆಗೆ ಆ ಅಧಿಕಾರವಿದೆಯೇ?

ಉತ್ತರ: ಇದೆ. ತಲುಪಿದ ದೇಶ ನಿಮ್ಮನ್ನು ಒಳಗೆ ಬಿಡದಿದ್ದರೆ ವಾಪಸು ಕರೆತರುವ ಹೊಣೆ ಸಂಸ್ಥೆಯದು, ಹಲವು ದೇಶಗಳು ದಂಡವನ್ನೂ ಹಾಕುತ್ತವೆ. ಅದಕ್ಕೇ ಕೌಂಟರಿನವರು ಟಿಮ್ಯಾಟಿಕ್ ಎಂಬ ದತ್ತಾಂಶ ಕೋಶದಲ್ಲಿ ಪ್ರತಿ ದೇಶದ ಷರತ್ತು ನೋಡಿ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಬಹಳಷ್ಟು ದೇಶಗಳು ಆರು ತಿಂಗಳ ಅವಧಿ ಕೇಳುತ್ತವೆ. ಯುರೋಪಿನ ಷೆಂಗೆನ್ ದೇಶಗಳದ್ದು ಎರಡು ಷರತ್ತು: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಬಾಕಿ ಇರಬೇಕು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು. ಒಂಬತ್ತು ತಿಂಗಳು ಉಳಿದಿರುವಾಗಲೇ ನವೀಕರಣಕ್ಕೆ ಹಾಕಿದರೆ ಈ ತಲೆನೋವೇ ಇಲ್ಲ. ಖಾಲಿ ಪುಟ ಎರಡಾದರೂ ಇರಲಿ. ನೀರು ಬಿದ್ದು ಉಬ್ಬಿದ, ಫೋಟೋ ಪುಟ ಬಿಟ್ಟುಕೊಂಡ ಪಾಸ್‌ಪೋರ್ಟನ್ನೂ ತಿರಸ್ಕರಿಸಬಹುದು.

ಹೆಸರಿನ ಬಗ್ಗೆಯೂ ಕೆಲವರು ಕೇಳಿದ್ದಾರೆ. ಟಿಕೆಟ್‌ನಲ್ಲಿ ಹಾಕಬೇಕಾದದ್ದು ಕರೆಯುವ ಹೆಸರನ್ನಲ್ಲ, ಫೋಟೋ ಪುಟದ ಕೆಳಗೆ ಬಾಣದ ಗುರುತುಗಳ ನಡುವೆ ಇರುವ ಹೆಸರನ್ನು. ಒಂದೆರಡು ಅಕ್ಷರ ತಪ್ಪಿದ್ದರೆ ಸಾಮಾನ್ಯವಾಗಿ ತಿದ್ದುತ್ತಾರೆ. ಟಿಕೆಟ್ ಬಂದ ದಿನವೇ ಕೇಳಿ, ವಿಮಾನ ನಿಲ್ದಾಣದವರೆಗೆ ಕಾಯಬೇಡಿ.

ಪ್ರಶ್ನೆ: ಪವರ್ ಬ್ಯಾಂಕ್ ಒಯ್ಯಬಹುದೇ? ಒಂದು ಕಡೆ ಬಿಟ್ಟರು, ಇನ್ನೊಂದು ಕಡೆ ಕಿತ್ತುಕೊಂಡರು.

ಉತ್ತರ: ಕೈಚೀಲದಲ್ಲಿ ಮಾತ್ರ. ಚೆಕ್-ಇನ್ ಲಗೇಜಿನಲ್ಲಿ ಸುತರಾಂ ಕೂಡದು. ಲಿಥಿಯಂ ಬ್ಯಾಟರಿ ಬಿಸಿಯಾಗಿ ಹೊತ್ತಿಕೊಂಡರೆ ಕ್ಯಾಬಿನ್‌ನಲ್ಲಿ ಸಿಬ್ಬಂದಿ ಆರಿಸಬಲ್ಲರು, ಕೆಳಗಿನ ಲಗೇಜು ಕೋಣೆಯಲ್ಲಿ ಕೈಗೆಟುಕುವುದಿಲ್ಲ. ಮಿತಿ 100 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ). 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲೆ ಇಲ್ಲವೇ ಇಲ್ಲ. ಲೆಕ್ಕ ಸುಲಭ: ಪವರ್ ಬ್ಯಾಂಕ್ ಮೇಲೆ ಬರೆದಿರುವ ಎಂಎಎಚ್ (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್, 27,000 ಎಂದರೆ 99.9. ನಿಮ್ಮದನ್ನು ಕಿತ್ತುಕೊಂಡದ್ದಕ್ಕೆ ಕಾರಣ ಹೆಚ್ಚಾಗಿ ಅಳಿಸಿಹೋದ ಅಕ್ಷರ. ಸಾಮರ್ಥ್ಯ ಓದಲಾಗದಿದ್ದರೆ ತಪಾಸಣೆಯವರು ಬಿಡದೆ ಇರಬಹುದು. ಹಾರಾಟದ ನಡುವೆ ಬಳಸುವುದನ್ನೂ ಹಲವು ಸಂಸ್ಥೆಗಳು ನಿಷೇಧಿಸಿವೆ.

ಇನ್ನೊಂದು ಗಮನಿಸಿ. ವಿಮಾನ ತುಂಬಿದಾಗ ಬಾಗಿಲ ಬಳಿಯೇ ಕೈಚೀಲಗಳನ್ನು ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಆಗ ಪವರ್ ಬ್ಯಾಂಕ್ ಹೊರತೆಗೆಯಲೇಬೇಕು. ಔಷಧಿ, ಪಾಸ್‌ಪೋರ್ಟ್, ಪವರ್ ಬ್ಯಾಂಕ್ ಮೂರನ್ನೂ ಒಂದು ಸಣ್ಣ ಚೀಲದಲ್ಲಿಟ್ಟು ಮೇಲೇ ಇರಿಸಿದ್ದರೆ ಒಂದೇ ಸಲಕ್ಕೆ ಎಳೆದುಕೊಳ್ಳಬಹುದು.

ಪ್ರಶ್ನೆ: ವಿದೇಶದಲ್ಲಿ ಕಾರ್ಡ್ ಬಳಸಿದಾಗ ಯಂತ್ರ ನಮ್ಮ ದೇಶದ ಹಣದಲ್ಲೇ ಮೊತ್ತ ತೋರಿಸಿತು. ಅನುಕೂಲವೆಂದು ಒತ್ತಿದೆ. ಆಮೇಲೆ ನೋಡಿದರೆ ಹೆಚ್ಚು ಕಡಿತವಾಗಿದೆ.

ಉತ್ತರ: ನಿಮ್ಮ ಬ್ಯಾಂಕಿನ ಬದಲು ಆ ಯಂತ್ರದ ಹಿಂದಿನ ಸಂಸ್ಥೆ ತನ್ನ ದರದಲ್ಲಿ ಹಣ ಪರಿವರ್ತಿಸಿತು, ಅದರ ಲಾಭಾಂಶ ಆ ದರದೊಳಗೇ ಸೇರಿರುತ್ತದೆ. ಯಾವಾಗಲೂ ನೀವು ನಿಂತಿರುವ ದೇಶದ ಹಣವನ್ನೇ ಆರಿಸಿ. ಎಟಿಎಂನಲ್ಲಿ 'ಪರಿವರ್ತನೆ ಒಪ್ಪುತ್ತೀರಾ' ಎಂದು ಕೇಳಿದಾಗ ಬೇಡವೆಂದು ಒತ್ತಿದರೆ ಹಣವೇ ಬಾರದೇನೋ ಎಂದು ಜನ ಹೆದರುತ್ತಾರೆ. ಪರಿವರ್ತನೆ ಮಾತ್ರ ನಿಲ್ಲುತ್ತದೆ, ಹಣ ಬರುತ್ತದೆ. ಅಂಗಡಿಯವರು ಕೇಳದೆಯೇ ಒತ್ತಿದ್ದರೆ ರಸೀದಿಯಲ್ಲಿ ಎರಡು ಮೊತ್ತಗಳಿರುತ್ತವೆ. ಅಲ್ಲೇ ರದ್ದುಮಾಡಿಸಿ ಮತ್ತೆ ಹೊಡೆಯಲು ಹೇಳಿ. ಅಂಗಡಿ ಬಿಟ್ಟ ಮೇಲೆ ಸರಿಪಡಿಸುವುದು ಬಲು ಕಷ್ಟ.

ಪ್ರಶ್ನೆ: ಇಳಿಯುವಾಗ ಕಿವಿನೋವು ತಡೆಯಲಾಗುವುದಿಲ್ಲ.

ಉತ್ತರ: ವಿಮಾನ ಇಳಿಯುತ್ತಿದ್ದಂತೆ ಕ್ಯಾಬಿನ್‌ನ ಗಾಳಿಯ ಒತ್ತಡ ಏರುತ್ತದೆ. ಕಿವಿಯ ಒಳಭಾಗವನ್ನು ಗಂಟಲಿಗೆ ಜೋಡಿಸುವ ಸಣ್ಣ ನಾಳ ತೆರೆದುಕೊಳ್ಳದಿದ್ದರೆ ಕಿವಿಯ ತಮಟೆ ಒಳಕ್ಕೆ ಸೆಳೆದು ನೋಯುತ್ತದೆ. ಇಳಿಯಲು ಆರಂಭಿಸಿದ ಕೂಡಲೇ ಎಚ್ಚರಗೊಂಡು ಉಗುಳು ನುಂಗುತ್ತಾ ಆಕಳಿಸುತ್ತಾ ಇರಿ, ನಿದ್ದೆಯಲ್ಲಿ ನುಂಗುವುದು ಕಡಿಮೆ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿ, ಜೋರಾಗಿ ಬೇಡ. ಮಗುವಿಗೆ ಆ ಹೊತ್ತಿನಲ್ಲಿ ಹಾಲು ಕುಡಿಸಿ. ನೆಗಡಿ ಜೋರಾಗಿದ್ದರೆ ಹೊರಡುವ ಮುನ್ನವೇ ವೈದ್ಯರನ್ನು ಕಾಣಿ.

ಪ್ರಶ್ನೆ: ಟಿಕೆಟ್‌ನಲ್ಲಿ 15ನೇ ತಾರೀಖು 00:20 ಎಂದಿದೆ. ಯಾವ ರಾತ್ರಿ ಹೋಗಬೇಕು?

ಉತ್ತರ: 14ನೇ ತಾರೀಖಿನ ರಾತ್ರಿ. ಅಂತರರಾಷ್ಟ್ರೀಯ ಹಾರಾಟವಾದರೆ ಒಂಬತ್ತೂವರೆಗೇ ನಿಲ್ದಾಣದಲ್ಲಿರಿ. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನ ಕಳೆದಿರುತ್ತದೆ. ಹೋಟೆಲ್ ಕಾಯ್ದಿರಿಸುವಾಗಲೂ ಇದೇ ಲೆಕ್ಕ: 15ರ ನಸುಕಿನ ಎರಡು ಗಂಟೆಗೆ ತಲುಪುವವರು 14ರ ರಾತ್ರಿಗೇ ಕೋಣೆ ಹಿಡಿದು, ತಡವಾಗಿ ಬರುತ್ತೇವೆಂದು ಹೋಟೆಲಿಗೆ ಬರೆದು ತಿಳಿಸಬೇಕು.