ನೆರೆ ಇಳಿದ ಮೇಲೆ ಇಗರ್ಜಿಯ ಗೋಡೆ

ಪ್ರಶ್ನೆ: 1974ರ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಕಡೆಯೆಲ್ಲ ಮುಳುಗಿದಾಗ ನನಗೆ ಒಂಬತ್ತು ವರ್ಷ. ಹೊಳೆಬದಿಯ ನಮ್ಮ ಇಗರ್ಜಿಯೊಳಗೆ ಆಳೆತ್ತರ ನೀರು ನಿಂತಿತ್ತು. ಆ ವರ್ಷದ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಒಂಬತ್ತು ದಿನವೂ ನಾವು ಮಕ್ಕಳು ಹೂವು ಒಯ್ದದ್ದು ಶಾಲೆಯ ಜಗಲಿಗೆ. ಮರದ ಪ್ರತಿಮೆಗಳನ್ನು ಬಿಸಿಲಿಗಿಡಲು ವಿಗಾರರು (ಇಗರ್ಜಿಯ ಮುಖ್ಯ ಪಾದ್ರಿ) ಬಿಡಲಿಲ್ಲ. ಕ್ರಿಸ್ಮಸ್ಸಿಗೆ ಸುಣ್ಣ ಬಳಿಯಲೂ ಒಪ್ಪಲಿಲ್ಲ. ಊರವರು ಅವರನ್ನು ಜಿಪುಣರೆಂದರು. ಮುಂದೆ ಗೋಡೆಯ ಬುಡಕ್ಕೆ ಮಾಡಿಸಿದ ಸಿಮೆಂಟ್ ಗಾರೆ ಇಂದಿಗೂ ಉಬ್ಬಿ ಉದುರುತ್ತದೆ. ವಿಗಾರರ ಹಟದಲ್ಲಿ ಅರ್ಥವಿತ್ತೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಪ್ರತಿಮೆಗಳ ವಿಷಯದಲ್ಲಿ ಅವರು ಮಾಡಿದ್ದು ಪೂರ್ತಿ ಸರಿ. ನೆನೆದ ಮರವನ್ನು ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳತಿರುಳು ಇನ್ನೂ ಉಬ್ಬಿಕೊಂಡೇ ಇರುತ್ತದೆ. ಆ ಎಳೆದಾಟದಲ್ಲಿ ಮರ ಸೀಳುತ್ತದೆ, ಅದರ ಮೇಲಿನ ಬಣ್ಣದ ಪದರ ಹಪ್ಪಳದಂತೆ ಏಳುತ್ತದೆ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೊ ನದಿ ಉಕ್ಕಿ ಸಾಂತಾ ಕ್ರೋಚೆ ಚರ್ಚಿಗೆ ನುಗ್ಗಿದಾಗ, ಚಿಮಾಬುಯೆ ಎಂಬ ಕಲಾವಿದ 13ನೆಯ ಶತಮಾನದಲ್ಲಿ ಬಣ್ಣ ತುಂಬಿದ್ದ ದೊಡ್ಡ ಶಿಲುಬೆಯ ಬಣ್ಣದಲ್ಲಿ ಬಹುಪಾಲು ಕಳಚಿಹೋಯಿತು. ಉಳಿದದ್ದನ್ನು ಕಾಪಾಡಲು ತಜ್ಞರು ಅದನ್ನು ಒಂದು ಉದ್ಯಾನದ ಕಟ್ಟಡದಲ್ಲಿಟ್ಟು, ಗಾಳಿಯ ತೇವವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ ಒಣಗಿಸಿದರು. ಅದೇ ನೆರೆಯಲ್ಲಿ ನೆನೆದ, ವಸಾರಿ ಎಂಬ ಇನ್ನೊಬ್ಬ ಕಲಾವಿದನ ‘ಕೊನೆಯ ಭೋಜನ’ ಚಿತ್ರದ ಮರದ ಹಲಗೆಗಳು ದುರಸ್ತಿಯಾಗಿ ಚರ್ಚಿಗೆ ಮರಳಿದ್ದು 2016ರಲ್ಲಿ. ನಿಮ್ಮ ವಿಗಾರರಿಗೆ ಇದೆಲ್ಲ ತಿಳಿದಿತ್ತೋ ಇಲ್ಲವೋ, ಯಾರಾದರೂ ಹಳೆಯ ಬಡಗಿ ಹೇಳಿದ್ದರೂ ಸಾಕಾಗಿತ್ತು.

ಸುಣ್ಣದ ವಿಷಯದಲ್ಲಿ ಮಾತ್ರ ಅವರು ತುಸು ಅತಿ ಮಾಡಿದರೆಂದು ನನ್ನ ಅಭಿಪ್ರಾಯ. ದಪ್ಪನೆಯ ಮುರಕಲ್ಲಿನ ಗೋಡೆ ಹೀರಿದ ನೀರು ಹೊರಬರಲು ತಿಂಗಳುಗಳೇ ಬೇಕು, ನಿಜ. ಆದರೆ ತೆಳುವಾದ ಸುಣ್ಣ ಆ ತೇವವನ್ನು ತಡೆಯುವುದಿಲ್ಲ. ತಡೆಯುವುದು ಸಿಮೆಂಟ್. ನೆಲದಿಂದ ಏರುವ ತೇವಕ್ಕೆ ದಾರಿ ಸಿಗದೆ ಅದು ಗಾರೆಯ ಹಿಂದೆ ನಿಲ್ಲುತ್ತದೆ, ಜೊತೆಗೆ ಬಂದ ಉಪ್ಪು ಅಲ್ಲಿಯೇ ಹರಳುಗಟ್ಟಿ ಗಾರೆಯನ್ನು ಹೊರಕ್ಕೆ ನೂಕುತ್ತದೆ. ಈಗ ಉದುರುತ್ತಿರುವುದಕ್ಕೆ ಐವತ್ತು ವರ್ಷದ ಹಿಂದಿನ ನೆರೆಯನ್ನು ದೂರಿ ಪ್ರಯೋಜನವಿಲ್ಲ.

ಮಳೆಗಾಲ ಕಳೆದು ಗೋಡೆ ಚೆನ್ನಾಗಿ ಒಣಗಿದ ಜನವರಿಯ ಹೊತ್ತಿಗೆ ಆ ಸಿಮೆಂಟನ್ನು ಕೀಳಿಸಿ, ಕೆಲವು ವಾರ ಕಲ್ಲನ್ನು ಬರಿದಾಗಿ ಬಿಟ್ಟು, ಸುಣ್ಣದ ಗಾರೆ ಮಾಡಿಸುವಂತೆ ಈಗಿನ ವಿಗಾರರಿಗೆ ತಿಳಿಸಿ. ಕೀಳಿಸುವ ಮೊದಲು ನೆರೆನೀರಿನ ಗೆರೆ ಎಲ್ಲಿಯಾದರೂ ಉಳಿದಿದ್ದರೆ, ಅದರ ಎತ್ತರವನ್ನು ಅಳೆದು ಇಗರ್ಜಿಯ ದಾಖಲೆಯಲ್ಲಿ ಬರೆಸಿಡಿ.