ಒಂದೇ ಬಟನ್ ಸಾಕು ಅನ್ನುವ ಗುರುಗಳು

ಪ್ರಶ್ನೆ: ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಆನ್‌ಲೈನ್ ವ್ಯಾಪಾರ ಕಲಿಯೋಣ ಅಂತ 99 ರೂಪಾಯಿ ಕೊಟ್ಟು ಒಬ್ಬರ ವೆಬಿನಾರ್‌ಗೆ ಸೇರಿದೆ. 'ಒಂದು ಪುಟ, ಒಂದು ಮಾತು, ಒಂದು ಬಟನ್, ಅಷ್ಟೇ ಸಾಕು' ಅಂತ ಇಡೀ ಹೊತ್ತು ಹೇಳಿದರು. ಆದರೆ ಅವರದೇ ಪುಟ ತೆರೆದರೆ ಮೇಲಿಂದ ಮೇಲೆ ಪಾಪ್‌ಅಪ್, ಓಡುವ ಟೈಮರ್, ಎಷ್ಟು ಕೆಳಗಿಳಿದರೂ ಮುಗಿಯದ ಬೋನಸ್ ಪಟ್ಟಿ. ಬೆಲೆ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಸಾಕಾಯಿತು. ಇವರ ಮಾತು ನಂಬಬೇಕಾ, ಪುಟ ನೋಡಿ ಕಲಿಯಬೇಕಾ?
— ಓದುಗರು, ಶಿರಸಿ

ಉತ್ತರ: ಮಾತನ್ನೇ ನಂಬಿ. ಅವರ ವ್ಯಾಪಾರ ಬೇರೆ, ನಿಮ್ಮದು ಬೇರೆ. ನಿಮ್ಮ ಹತ್ತಿರ ಉಪ್ಪಿನಕಾಯಿ ಇದೆ. ಅವರ ಹತ್ತಿರ ಇರುವುದು ಒಂದು ಸಲಹೆ, ಅದೂ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಮುಗಿಸುವಷ್ಟು. ಅಷ್ಟಕ್ಕೆ ಸಾವಿರಾರು ರೂಪಾಯಿ ಯಾರು ಕೊಡ್ತಾರೆ? ಹಾಗಾಗಿ ಅದಕ್ಕೆ ವರ್ಕ್‌ಬುಕ್, ಟೆಂಪ್ಲೇಟ್, ಟೆಲಿಗ್ರಾಂ ಗುಂಪು, 'ಇವತ್ತು ಮಾತ್ರ' ಸಿಗುವ ಇನ್ನೊಂದು ಕೋರ್ಸ್ ಎಲ್ಲ ಸೇರಿಸಿ ದಪ್ಪ ಮಾಡಲೇಬೇಕು. ಸರಳವಾಗಿಟ್ಟರೆ ಅವರಿಗೆ ಮಾರೋಕೆ ಏನೂ ಉಳಿಯೋದಿಲ್ಲ.

ನಿಮ್ಮ ವೆಬಿನಾರ್‌ನಲ್ಲೂ ಜಾಮ್ ಕಥೆ ಬಂದಿರಬೇಕು, ಅಲ್ವಾ? ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ ಜನರಿಗೆ ರುಚಿ ನೋಡಲು ಒಮ್ಮೆ 24 ಬಗೆಯ ಜಾಮ್ ಇಟ್ಟರು, ಒಮ್ಮೆ 6 ಬಗೆ. 24 ಇದ್ದಾಗ ನಿಂತು ನೋಡಿದವರು ಜಾಸ್ತಿ, ಆದರೆ ಅವರಲ್ಲಿ ಕೊಂಡವರು ಸುಮಾರು 3% ಮಾತ್ರ. 6 ಇದ್ದಾಗ 30%. ಮನಶ್ಶಾಸ್ತ್ರಜ್ಞರಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಇದನ್ನು ಪ್ರಕಟಿಸಿದರು. ಮಾರ್ಕೆಟಿಂಗ್ ಗುರುಗಳಿಗೆ ಈ ಕಥೆ ತುಂಬ ಇಷ್ಟ. ಇದನ್ನು ಹೇಳಿ ಮುಗಿಸಿ ತಾವೇ ಸಿಲ್ವರ್, ಗೋಲ್ಡ್, ಪ್ಲಾಟಿನಂ ಪ್ಯಾಕೇಜ್ ಬಿಚ್ಚುತ್ತಾರೆ! (2010ರಲ್ಲಿ ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಆಯ್ಕೆ ಹೆಚ್ಚು ಕಡಿಮೆ ಆದದ್ದರ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಇದನ್ನು ಮಾತ್ರ ಯಾರೂ ಹೇಳೋದಿಲ್ಲ.)

ಪಾಪ್‌ಅಪ್ ವಿಷಯ ಇನ್ನೂ ಸ್ವಾರಸ್ಯವಾಗಿದೆ. 90ರ ದಶಕದಲ್ಲಿ ಅದರ ಕೋಡ್ ಬರೆದವರಲ್ಲಿ ಜನರಿಗೆ ವೆಬ್‌ಪುಟ ಮಾಡಿಕೊಳ್ಳಲು ಜಾಗ ಕೊಡುತ್ತಿದ್ದ ಟ್ರೈಪಾಡ್ ಕಂಪನಿಯ ಈಥನ್ ಜುಕರ್‌ಮನ್ ಒಬ್ಬರು. ಅಸಭ್ಯ ಪುಟವೊಂದರಲ್ಲಿ ತನ್ನ ಜಾಹೀರಾತು ಬಂತು ಅಂತ ಒಂದು ಕಾರ್ ಕಂಪನಿ ಸಿಟ್ಟಾಯಿತು, ಜಾಹೀರಾತು ಪುಟಕ್ಕೆ ಅಂಟಿಕೊಳ್ಳದಿರಲಿ ಅಂತ ಬೇರೆ ಕಿಟಕಿ ತೆರೆಯುವ ಉಪಾಯ ಮಾಡಿದರು. 2014ರಲ್ಲಿ ಜುಕರ್‌ಮನ್ ಅವರೇ ಬಹಿರಂಗವಾಗಿ ಕ್ಷಮೆ ಕೇಳಿದರು. ಆದರೂ ಪಾಪ್‌ಅಪ್ ಹೋಗಿಲ್ಲ, ಯಾಕೆಂದರೆ ಅದರಲ್ಲಿ ಫೋನ್ ನಂಬರ್ ತುಂಬಿಸಿದವರ ಲೆಕ್ಕ ಸಂಜೆಗೆ ಸಿಗುತ್ತದೆ, ರೇಗಿ ಪುಟ ಮುಚ್ಚಿ ಮತ್ತೆಂದೂ ಈ ಕಡೆ ತಲೆ ಹಾಕದವರ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ. ಸಿಕ್ಕ ಲೆಕ್ಕ ನೋಡಿ ಇನ್ನೊಂದು ಪಾಪ್‌ಅಪ್ ಹಾಕುತ್ತಾರೆ. ಈ ಗುರುಗಳು ಪೂರ್ತಿ ಮೋಸಗಾರರು ಅಂತ ನಾನು ಹೇಳೋದಿಲ್ಲ. ಎಷ್ಟೋ ಜನ ತಮ್ಮ ಪುಟವನ್ನು ಗಿರಾಕಿಯ ಹಾಗೆ ಮೊಬೈಲ್‌ನಲ್ಲಿ ತೆರೆದು ನೋಡಿಯೇ ಇರೋದಿಲ್ಲ.

ನಿಮ್ಮ ಪುಟಕ್ಕೆ ಬರೋಣ. ಒಳ್ಳೆಯ ಫೋಟೋ, ತೂಕ, ಬೆಲೆ, ಕೊರಿಯರ್ ಖರ್ಚು, ಒಂದು ವಾಟ್ಸ್‌ಆ್ಯಪ್ ನಂಬರ್. ಸರಳ ಅಂದ ಮಾತ್ರಕ್ಕೆ ಬೇಕಾದ ವಿವರ ಬಿಡಬೇಡಿ: ಎಣ್ಣೆ ಹಾಕಿದ್ದೋ ಉಪ್ಪುನೀರಿನದ್ದೋ, ಎಷ್ಟು ತಿಂಗಳು ಬಾಳುತ್ತದೆ, ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ. ಕೊಳ್ಳುವವರು ಕೇಳುವುದೇ ಇವನ್ನು.

ಪ್ರಶ್ನೆ: ಆ ಟೈಮರ್ ನೋಡಿ ಗಡಿಬಿಡಿಯಲ್ಲಿ ದುಡ್ಡು ಕಟ್ಟಿದೆ. ಮರುದಿನ ನೋಡಿದರೆ ಅದೇ ಟೈಮರ್ ಮತ್ತೆ ಮೊದಲಿಂದ ಓಡುತ್ತಿತ್ತು! ಇದನ್ನು ಕೇಳುವವರಿಲ್ಲವೇ?
— ಇನ್ನೊಬ್ಬ ಓದುಗರು, ದಾವಣಗೆರೆ

ಉತ್ತರ: ಇದ್ದಾರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್'ಗಳ (ಗಿರಾಕಿಯ ದಾರಿ ತಪ್ಪಿಸುವಂತೆ ಪುಟ ಕಟ್ಟುವ ತಂತ್ರಗಳು) ಬಗ್ಗೆ ಮಾರ್ಗಸೂಚಿ ಹೊರಡಿಸಿ 13 ಬಗೆಯ ಚಾಲಾಕಿಗಳನ್ನು ಹೆಸರಿಸಿತು. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಕೇಳದೆ ಬುಟ್ಟಿಗೆ ವಸ್ತು ಸೇರಿಸುವುದು, ಚಂದಾ ರದ್ದು ಮಾಡಲು ಸತಾಯಿಸುವುದು, ಬೆಲೆಯನ್ನು ಕೊನೆಗೆ ತುಣುಕು ತುಣುಕಾಗಿ ತೋರಿಸುವುದು ಕೂಡ ಇವೆ. ಎರಡೂ ದಿನದ ಸ್ಕ್ರೀನ್‌ಶಾಟ್ ಇದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಇವತ್ತೂ ನಾಳೆಯೂ ತೆಗೆಯಿರಿ. ಹಣ ಕಟ್ಟಿದ ರಸೀದಿಯೂ ಇರಲಿ. ಮೊದಲು ಅವರಿಗೇ ಬರೆದು ಹಣ ವಾಪಸ್ ಕೇಳಿ, ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.